ಮನೆಯ ಲೇತ್‌ಗೆ ಯಾವ ಟೂಲ್? ಸೆಟ್ ಕೊಳ್ಳುವ ಮೊದಲು ಓದಿ

ಹುಬ್ಬಳ್ಳಿ-ಧಾರವಾಡದ ಕಡೆ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಟೂಲಿನಿಂದ ಕೊರೆಯುವ ಯಂತ್ರ, ಯಾರಿಗೂ ಹೊಸದಲ್ಲ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್, ತಾರಿಹಾಳ, ಧಾರವಾಡದ ಬೇಲೂರು, ರೈಲ್ವೆ ವರ್ಕ್‌ಶಾಪ್, ಎಲ್ಲಿ ಹೋದರೂ ಕೈ ಪಳಗಿದ ಟರ್ನರ್‌ಗಳು ಸಿಗುತ್ತಾರೆ. ಹಳೆಯ ಶಾಪುಗಳಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳು ಇಂದಿಗೂ ಕಾಣಸಿಗುತ್ತವೆ. ಈಗೀಗ ಹವ್ಯಾಸಕ್ಕೆಂದು ಮನೆಯಲ್ಲೇ ಸಣ್ಣ ಲೇತ್ ಇಟ್ಟುಕೊಳ್ಳುವವರೂ ಇದ್ದಾರೆ. ಹಳೆ ಬೈಕ್ ರಿಪೇರಿ ಮಾಡುವವರು, ಮಾಡೆಲ್ ಇಂಜಿನ್ ಕಟ್ಟುವವರು, ಪಂಪಿನ ಬುಷ್ ತಾವೇ ಮಾಡಿಕೊಳ್ಳಬೇಕು ಅನ್ನುವವರು. ಲೇತ್ ಬಂದ ಮರುದಿನವೇ ಎಲ್ಲರಿಗೂ ಏಳುವ ಪ್ರಶ್ನೆ ಒಂದೇ: ಟೂಲ್ ಯಾವುದು ತರಬೇಕು?

ಅಂಗಡಿಗೆ ಹೋದರೆ ಉತ್ತರ ತಯಾರಿರುತ್ತದೆ. "ಪೂರಾ ಸೆಟ್ ಒಯ್ರಿ ಸರ, ಸೋವಿ ಬೀಳ್ತೈತಿ." ಬಣ್ಣ ಬಳಿದ ಒಂಬತ್ತೋ ಹನ್ನೊಂದೋ ಟೂಲ್‌ಗಳ ಡಬ್ಬಿ ಮುಂದೆ ಬಂದು ಕೂರುತ್ತದೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ಮೊದಲ ಕೆಲವು ತಿಂಗಳು ಎರಡು-ಮೂರು ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಬಿಟ್, ಅಂದರೆ ಟೂಲ್ ಮಾಡಿಕೊಳ್ಳುವ ಚೌಕದ ಕಡ್ಡಿ, ತಂದು, ಅವಕ್ಕೆ ನೀವೇ ಸಾಣೆ ಹಿಡಿಯುವುದನ್ನು ಕಲಿಯಿರಿ. ಕಾರ್ಬೈಡ್ (ಸ್ಟೀಲಿಗಿಂತ ಗಟ್ಟಿ, ಆದರೆ ಪೆಟ್ಟು ತಾಳದ ವಸ್ತು) ಆಮೇಲೆ, ಅದೂ ಒಂದೇ ಹೋಲ್ಡರ್. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಲೇತನ್ನು ಅಳೆಯಿರಿ

ಅಂಗಡಿಗೆ ಹೋಗುವ ಮೊದಲು ಮೂರು ಅಳತೆ ಬರೆದಿಟ್ಟುಕೊಳ್ಳಿ.

ಒಂದು, ಟೂಲ್ ಕೂರುವ ಜಾಗದಿಂದ ಸೆಂಟರ್‌ವರೆಗಿನ, ಅಂದರೆ ರಾಡ್ ತಿರುಗುವ ನಡುಗೆರೆಯವರೆಗಿನ ಎತ್ತರ. ಲೇತ್‌ನ ಬಲತುದಿಯ ಟೇಲ್‌ಸ್ಟಾಕ್‌ಗೆ ಡೆಡ್ ಸೆಂಟರ್ (ಚೂಪು ಮೊನೆಯ ಆಧಾರ) ಹಾಕಿ, ಟೂಲ್ ಹಿಡಿಯುವ ಟೂಲ್ ಪೋಸ್ಟನ್ನು ಅದರ ಹತ್ತಿರ ತನ್ನಿ. ಟೂಲ್ ಪೋಸ್ಟಿನಲ್ಲಿ ಟೂಲ್ ಕೂರುವ ಮಟ್ಟದಿಂದ ಸೆಂಟರ್‌ನ ಮೊನೆಯವರೆಗೆ ಎಷ್ಟು ಮಿಲಿಮೀಟರ್ ಇದೆ ನೋಡಿ. ಅದು 14 ಬಂದರೆ 12 ಮಿ.ಮೀ. ಟೂಲ್ ಕೂರುತ್ತದೆ, ಕೆಳಗೆ 2 ಮಿ.ಮೀ. ಪ್ಯಾಕಿಂಗ್ ಹಾಕಿದರಾಯಿತು. 11 ಬಂದರೆ 10 ಮಿ.ಮೀ. ಟೂಲೇ ಗತಿ. ಕಡಿಮೆ ಎತ್ತರದ ಟೂಲನ್ನು ಪ್ಯಾಕಿಂಗ್ ಕೊಟ್ಟು ಏರಿಸಬಹುದು, ಹೆಚ್ಚು ಎತ್ತರದ್ದನ್ನು ಇಳಿಸಲು ಬರುವುದಿಲ್ಲ. ಅನುಮಾನ ಬಂದರೆ ಸಣ್ಣ ಸೈಜನ್ನೇ ತನ್ನಿ.

ಎರಡು, ಮೋಟಾರಿನ ಪವರ್. ಮೂರು, ಲೇತ್‌ನ ಅತಿ ಹೆಚ್ಚಿನ ಸ್ಪೀಡ್.

ಪವರ್ ಯಾಕೆ ಅಂದರೆ, ಕಾರ್ಬೈಡ್ ಟೂಲಿನ ಡಬ್ಬಿಯ ಮೇಲೆ ಬರೆದ ಅಂಕಿಗಳು ಫ್ಯಾಕ್ಟರಿ ಮಷಿನ್‌ಗೆ ಬರೆದವು. ಮೈಲ್ಡ್ ಸ್ಟೀಲ್ ರಾಡಿಗೆ 2 ಮಿ.ಮೀ. ಆಳದ ಕಟ್, ಪ್ರತಿ ಸುತ್ತಿಗೂ 0.2 ಮಿ.ಮೀ. ಫೀಡ್ (ಟೂಲ್ ಮುಂದೆ ಸರಿಯುವ ದೂರ), ನಿಮಿಷಕ್ಕೆ 100 ಮೀಟರ್ ವೇಗ ಕೊಟ್ಟರೆ ಸುಮಾರು 1.3 ಕಿಲೋವಾಟ್ ಬರೀ ಕೊರೆಯುವುದಕ್ಕೇ ಹೋಗುತ್ತದೆ. ಅಂದರೆ ಒಂದೂಮುಕ್ಕಾಲು ಎಚ್‌ಪಿ. ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡುವ ಅರ್ಧ ಎಚ್‌ಪಿ ಲೇತ್ ಅಲ್ಲೇ ನಿಂತುಬಿಡುತ್ತದೆ. ಅದೇ ರಾಡಿಗೆ 1 ಮಿ.ಮೀ. ಕಟ್, 0.1 ಫೀಡ್, ನಿಮಿಷಕ್ಕೆ 25 ಮೀಟರ್ ಕೊಡಿ. ಈಗ ಬೇಕಾಗುವುದು 100 ವಾಟ್‌ನ ಆಸುಪಾಸು. ಸಣ್ಣ ಲೇತ್ ಆರಾಮವಾಗಿ ಕೊರೆಯುತ್ತದೆ. ಎಚ್‌ಎಸ್‌ಎಸ್ ಚೆನ್ನಾಗಿ ಕೆಲಸ ಮಾಡುವುದು ಸರಿಯಾಗಿ ಈ ವೇಗದಲ್ಲೇ.

ಯಾವ ಲೋಹ ಕೊರೆಯುತ್ತೀರಿ?

ಹವ್ಯಾಸದವರ ಕೈಗೆ ಬರುವ ಲೋಹಗಳು ಆರೇಳು: ಮೈಲ್ಡ್ ಸ್ಟೀಲ್ ರಾಡ್, ಬ್ರೈಟ್ ಬಾರ್, ಶಾಫ್ಟ್‌ಗೆ ಬಳಸುವ ಇಎನ್8 ಸ್ಟೀಲ್, ಬೀಡು (ಕಾಸ್ಟ್ ಐರನ್), ಹಿತ್ತಾಳೆ ಅಥವಾ ಗನ್‌ಮೆಟಲ್, ಅಲ್ಯೂಮಿನಿಯಂ, ಅಪರೂಪಕ್ಕೆ ಸ್ಟೇನ್‌ಲೆಸ್. ಇವೆಲ್ಲಕ್ಕೂ ಎಚ್‌ಎಸ್‌ಎಸ್ ನಡೆಯುತ್ತದೆ. ಬೀಡಿನ ಮೇಲ್ಪದರ ಮಾತ್ರ ಗಟ್ಟಿ, ಮರಳೂ ಅಂಟಿರುತ್ತದೆ. ಅಲ್ಲಿ ಎಚ್‌ಎಸ್‌ಎಸ್ ಬೇಗ ಮೊಂಡಾಗುತ್ತದೆ. ಮೊದಲ ಕಟ್ಟನ್ನು ಮೇಲ್ಪದರದ ಕೆಳಗೇ ಇಳಿಯುವಷ್ಟು ಆಳ ಕೊಡಿ, ಅಥವಾ ಆ ಒಂದು ಕಟ್ಟಿಗೆ ಕಾರ್ಬೈಡ್ ಬಳಸಿ.

ಗುಜರಿಯಿಂದ ತಂದ ಮಾಲಿನ ಬಗ್ಗೆ ಹುಷಾರಾಗಿರಿ. ಹಳೆ ಆ್ಯಕ್ಸಲ್, ಬೇರಿಂಗ್ ರೇಸ್, ಹೈಡ್ರಾಲಿಕ್ ರಾಡ್ ಇವೆಲ್ಲ ನೋಡಲು ಸಾದಾ ಕಬ್ಬಿಣದಂತೆಯೇ ಇರುತ್ತವೆ. ಚಕ್‌ಗೆ (ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ) ಹಾಕುವ ಮೊದಲು ಒಳ್ಳೆಯ ಅರದಿಂದ ಒಂದು ಮೂಲೆ ಉಜ್ಜಿ ನೋಡಿ. ಅರ ಕಚ್ಚಿದರೆ ನಿಮ್ಮ ಬಿಟ್ ಕೂಡ ಕಚ್ಚುತ್ತದೆ. ಅರ ಗಾಜಿನ ಮೇಲೆ ಓಡಿದ ಹಾಗೆ ಜಾರಿದರೆ ಆ ತುಂಡನ್ನು ಪಕ್ಕಕ್ಕಿಡಿ. ಅದಕ್ಕೆ ಸಾಣೆ ಹಿಡಿದು ಬಿಟ್ ಸವೆಸುವುದು ನೀರಿನಲ್ಲಿ ಹೋಮ ಮಾಡಿದಂತೆ.

ಎಚ್‌ಎಸ್‌ಎಸ್ ಬಿಟ್ ಕೊಳ್ಳುವಾಗ

ಹೈಸ್ಪೀಡ್ ಸ್ಟೀಲ್‌ಗೆ ಈಗ ನೂರಿಪ್ಪತ್ತು ವರ್ಷ ದಾಟಿದೆ. ಅಮೆರಿಕದ ಬೆತ್ಲೆಹೆಮ್ ಸ್ಟೀಲ್‌ನಲ್ಲಿ ಟೇಲರ್ ಮತ್ತು ವೈಟ್ ಎಂಬಿಬ್ಬರು ಇದರ ಹದ ಕಂಡುಕೊಂಡರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಟೂಲಿನ ಮೂತಿ ಕೆಂಪಗೆ ಕಾದರೂ ಕೊರೆಯುತ್ತಲೇ ಇದ್ದದ್ದನ್ನು ಜನ ಬಾಯಿಬಿಟ್ಟುಕೊಂಡು ನೋಡಿದರು. ಅದಕ್ಕೂ ಮುಂಚಿನ ಕಾರ್ಬನ್ ಸ್ಟೀಲ್ ಟೂಲ್ 250 ಡಿಗ್ರಿ ಸೆಲ್ಸಿಯಸ್ ಸಮೀಪ ಬರುತ್ತಲೇ ಮೆತ್ತಗಾಗುತ್ತಿತ್ತು. ಎಚ್‌ಎಸ್‌ಎಸ್ 600ರ ಆಸುಪಾಸಿನವರೆಗೂ ತನ್ನ ಗಟ್ಟಿತನ ಬಿಡುವುದಿಲ್ಲ.

ಸಾಮಾನ್ಯವಾಗಿ ಸಿಗುವ ಗ್ರೇಡ್ ಎಂ2. ಇದರಲ್ಲಿ ಸುಮಾರು 6% ಟಂಗ್‌ಸ್ಟನ್, 5% ಮಾಲಿಬ್ಡಿನಂ ಇರುತ್ತದೆ. ಎಂ35ರಲ್ಲಿ ಇದರ ಜೊತೆಗೆ 5% ಕೋಬಾಲ್ಟ್, ಎಂ42ರಲ್ಲಿ 8% ಕೋಬಾಲ್ಟ್. ಕೋಬಾಲ್ಟ್ ಹೆಚ್ಚಾದಷ್ಟೂ ಬಿಸಿ ತಡೆಯುವ ಶಕ್ತಿ ಜಾಸ್ತಿ, ಪೆಟ್ಟು ತಡೆಯುವ ಶಕ್ತಿ ಸ್ವಲ್ಪ ಕಡಿಮೆ. ಕಲಿಯುವವರಿಗೆ ಎಂ2 ಸಾಕು. ಸ್ಟೇನ್‌ಲೆಸ್ ಜಾಸ್ತಿ ಮಾಡುತ್ತೀರಾದರೆ ಒಂದು ಎಂ35 ಇಟ್ಟುಕೊಳ್ಳಿ. ಎಂ42 ಈಗಲೇ ಬೇಡ, ಸಾಣೆ ಹಿಡಿಯುವಾಗ ಸುಮ್ನೆ ಸವೆಸಿ ಹಾಳುಮಾಡುತ್ತೀರಿ.

ಹೆಸರಿಲ್ಲದ ಬಿಟ್ ಸೋವಿಯಲ್ಲಿ ಸಿಗುತ್ತದೆ. ಅದು ನಿಜಕ್ಕೂ ಎಚ್‌ಎಸ್‌ಎಸ್ ಹೌದೋ ಅಲ್ಲವೋ ಅಂತ ತಿಳಿಯಲು ಗ್ರೈಂಡರಿನ ಕಿಡಿ ನೋಡಿ. ಎಚ್‌ಎಸ್‌ಎಸ್‌ನ ಕಿಡಿ ಮಂಕು ಕೆಂಪು ಅಥವಾ ಕಿತ್ತಳೆ ಬಣ್ಣ, ಸಂಖ್ಯೆಯಲ್ಲೂ ಕಡಿಮೆ, ತುದಿಯಲ್ಲಿ ಹೆಚ್ಚು ಸಿಡಿಯುವುದಿಲ್ಲ. ಕಾರ್ಬನ್ ಸ್ಟೀಲ್‌ನದು ಬಿಳಿ-ಹಳದಿ, ಸುರುಸುರುಬತ್ತಿಯ ಥರ ಕವಲೊಡೆದು ಸಿಡಿಯುತ್ತದೆ. ಪಕ್ಕದಲ್ಲಿ ಒಂದು ಹಳೆಯ ಅರ ಹಿಡಿದು ಎರಡನ್ನೂ ಹೋಲಿಸಿ ನೋಡಿದರೆ ಒಂದೇ ಸಲಕ್ಕೆ ಗೊತ್ತಾಗುತ್ತದೆ.

ಸಾಣೆ ಹಿಡಿಯುವುದು

ಇಡೀ ವಿಷಯದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಟೂಲ್ ಯಾಕೆ ಕೊರೆಯುತ್ತದೆ, ಯಾಕೆ ಕೊರೆಯುವುದಿಲ್ಲ ಅನ್ನುವುದು ಸಾಣೆ ಹಿಡಿದ ಕೈಗೇ ಅರ್ಥವಾಗುವುದು. ಆ ತಿಳಿವಳಿಕೆ ಮುಂದೆ ಕಾರ್ಬೈಡ್ ಆರಿಸುವಾಗಲೂ ಕೆಲಸಕ್ಕೆ ಬರುತ್ತದೆ.

150 ಮಿ.ಮೀ. ಚಕ್ರದ ಬೆಂಚ್ ಗ್ರೈಂಡರ್ ಸಾಕು. ಎಚ್‌ಎಸ್‌ಎಸ್‌ಗೆ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ, ಅಂದರೆ ಬೂದು ಅಥವಾ ಬಿಳಿ ಬಣ್ಣದ್ದು. ಹೊಸ ಚಕ್ರ ಕೂರಿಸುವ ಮೊದಲು ಅದನ್ನು ಬೆರಳಿನಿಂದ ತೂಗುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಠಣ್ ಅಂದರೆ ಸರಿ. ದಬ್ ಅಂತ ಸತ್ತ ಸದ್ದು ಬಂದರೆ ಒಳಗೆ ಬಿರುಕಿದೆ, ಹಾಕಬೇಡಿ. ಟೂಲ್ ರೆಸ್ಟ್‌ಗೂ ಚಕ್ರಕ್ಕೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಕನ್ನಡಕ ಕಡ್ಡಾಯ. ಕೈಗವಸು ಮಾತ್ರ ಬೇಡವೇ ಬೇಡ, ಚಕ್ರ ಅದನ್ನು ಎಳೆದುಕೊಂಡರೆ ಬೆರಳೂ ಹೋಗುತ್ತದೆ. ಅಲ್ಯೂಮಿನಿಯಂ ತುಂಡನ್ನು ಈ ಚಕ್ರಕ್ಕೆ ಹಿಡಿಯಬೇಡಿ. ಚಕ್ರದ ರಂಧ್ರಗಳು ಕಟ್ಟಿಕೊಂಡು, ಬಿಸಿಯಾಗಿ ಚಕ್ರವೇ ಒಡೆಯಬಹುದು.

ಈಗ 10 ಮಿ.ಮೀ. ಚೌಕದ ಒಂದು ಬಿಟ್ ತೆಗೆದುಕೊಳ್ಳಿ. ಮಾಡಬೇಕಾದದ್ದು ಬಲಗೈ ಟರ್ನಿಂಗ್ ಟೂಲ್, ಅಂದರೆ ಟೇಲ್‌ಸ್ಟಾಕ್ ಕಡೆಯಿಂದ ಚಕ್ ಕಡೆಗೆ ಕೊರೆಯುತ್ತಾ ಹೋಗುವುದು. ಮೊನೆ ನಿಮ್ಮಿಂದ ದೂರಕ್ಕೆ ಇರುವಂತೆ ಹಿಡಿದು ಮೇಲಿನಿಂದ ನೋಡಿದರೆ ಇದರ ಕೊರೆಯುವ ಅಂಚು ಎಡಗಡೆ ಬರುತ್ತದೆ. ಮಾರ್ಕರ್ ಪೆನ್ನಿನಿಂದ ಬಿಟ್‌ನ ಮೇಲೆ ಆಕಾರ ಬರೆದುಕೊಂಡರೆ ಒಳ್ಳೆಯದು.

ಮೊದಲು ಎಡಮೈ. ಬಿಟ್‌ನ ಕೆಳಭಾಗ ಒಳಕ್ಕೆ ಹೋಗುವಂತೆ 8ರಿಂದ 10 ಡಿಗ್ರಿ ಓರೆಯಲ್ಲಿ ಸಾಣೆ ಹಿಡಿಯಿರಿ. ಇದು ಸೈಡ್ ಕ್ಲಿಯರೆನ್ಸ್. ಇದಿಲ್ಲದಿದ್ದರೆ ಅಂಚಿನ ಬದಲು ಬಿಟ್‌ನ ಹೊಟ್ಟೆ ಜಾಬಿಗೆ, ಅಂದರೆ ಕೊರೆಯುತ್ತಿರುವ ತುಂಡಿಗೆ, ಉಜ್ಜುತ್ತದೆ. ಆಮೇಲೆ ಮುಂಭಾಗ. ಇಲ್ಲಿಯೂ ಕೆಳಗೆ ಅಷ್ಟೇ ಓರೆ. ಜೊತೆಗೆ ಮೇಲಿನಿಂದ ನೋಡಿದಾಗ ಮುಂದಿನ ಅಂಚು ಎಡಮೂಲೆಯಿಂದ ಬಲಕ್ಕೆ ಹೋಗುತ್ತಾ 10-15 ಡಿಗ್ರಿ ಹಿಂದೆ ಸರಿದಿರಬೇಕು. ಆಗ ಎಡಮೂಲೆ ಮಾತ್ರ ಮೊನೆಯಾಗಿ ಮುಂದೆ ಉಳಿಯುತ್ತದೆ.

ಮೂರನೆಯದು ಮೇಲ್ಮೈ. ಕೊರೆಯುವ ಅಂಚು ಎತ್ತರದಲ್ಲೇ ಉಳಿದು, ಅಲ್ಲಿಂದ ಬಲಕ್ಕೆ ಇಳಿಜಾರಾಗುವಂತೆ ಮಾಡಿ. ಇದು ಸೈಡ್ ರೇಕ್. ಚಿಪ್, ಅಂದರೆ ಕೊರೆದ ಲೋಹದ ಸಿಪ್ಪೆ, ಈ ಇಳಿಜಾರಿನ ಮೇಲೆ ಹರಿದುಹೋಗುತ್ತದೆ. ಮೈಲ್ಡ್ ಸ್ಟೀಲ್‌ಗೆ 12-14 ಡಿಗ್ರಿ, ಅಲ್ಯೂಮಿನಿಯಂಗೆ ಇನ್ನೂ ಜಾಸ್ತಿ, ಬೀಡಿಗೆ ಐದಾರು ಡಿಗ್ರಿ. ಹಿತ್ತಾಳೆಗೆ ಸೊನ್ನೆ. ಹೌದು, ಹಿತ್ತಾಳೆಗೆ ಮೇಲ್ಮೈ ಮುಟ್ಟಲೇಬೇಡಿ. ರೇಕ್ ಕೊಟ್ಟ ಟೂಲ್ ಹಿತ್ತಾಳೆಯಲ್ಲಿ ತಾನಾಗಿಯೇ ಒಳಕ್ಕೆ ಎಳೆದುಕೊಂಡು ಹೋಗಿ ಜಾಬನ್ನೇ ಕಿತ್ತುಬಿಡುತ್ತದೆ. ಒಂದೇ ಚೌಕದ ಬಿಟ್‌ಗೆ ಎರಡು ತುದಿ ಇವೆಯಲ್ವಾ? ಒಂದು ತುದಿ ಸ್ಟೀಲ್‌ಗೆ, ಇನ್ನೊಂದು ಹಿತ್ತಾಳೆಗೆ ಇಟ್ಟುಕೊಳ್ಳಿ.

ಸಾಣೆ ಹಿಡಿಯುವಾಗ ಬಿಟ್ ಕೈಗೆ ಸುಡತೊಡಗುವ ಮೊದಲೇ ನೀರಿಗೆ ಅದ್ದುತ್ತಿರಿ. ಅಂಚು ನೀಲಿ ತಿರುಗಿದರೂ ಎಚ್‌ಎಸ್‌ಎಸ್ ಕೆಡುವುದಿಲ್ಲ, ಗಾಬರಿ ಬೇಡ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮಾತ್ರ ಅಂಚಿನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಚಕ್ರದ ಅಗಲದುದ್ದಕ್ಕೂ ಬಿಟ್ ಆಡಿಸುತ್ತಿರಿ, ಒಂದೇ ಕಡೆ ಒತ್ತಿದರೆ ಚಕ್ರದಲ್ಲಿ ಕೊರಕಲು ಬೀಳುತ್ತದೆ.

ಕೊನೆಗೆ ಆಯಿಲ್ ಸ್ಟೋನ್. ಮೂರೂ ಮೈಗಳನ್ನು ಕಲ್ಲಿನ ಮೇಲೆ ನುಣ್ಣಗೆ ಮಾಡಿ, ಮೊನೆಗೆ ಅರ್ಧ ಮಿಲಿಮೀಟರಿನಷ್ಟು ದುಂಡು ಕೊಡಿ. ಈ ಕೊನೆಯ ಎರಡು ನಿಮಿಷವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫಿನಿಶಿಂಗ್ ಕೆಟ್ಟರೆ ಲೇತನ್ನು ಬೈಯುತ್ತಾರೆ. ದುಂಡಿನ ಮಹಿಮೆ ಲೆಕ್ಕದಲ್ಲೂ ಕಾಣುತ್ತದೆ. 0.4 ಮಿ.ಮೀ. ರೇಡಿಯಸ್ ಇರುವ ಮೊನೆಗೆ ಪ್ರತಿ ಸುತ್ತಿಗೂ 0.2 ಮಿ.ಮೀ. ಫೀಡ್ ಕೊಟ್ಟರೆ ಜಾಬಿನ ಮೇಲೆ ಉಳಿಯುವ ಏರಿಳಿತ ಸುಮಾರು 12 ಮೈಕ್ರಾನ್. ಫೀಡನ್ನು 0.1ಕ್ಕೆ ಇಳಿಸಿದರೆ ಅದು 3 ಮೈಕ್ರಾನ್‌ಗೆ ಬರುತ್ತದೆ. ಫೀಡ್ ಅರ್ಧವಾದರೆ ಗೀರು ಕಾಲುಭಾಗ ಆಗುತ್ತದೆ. ಹಾಗಂತ ರೇಡಿಯಸ್ಸನ್ನು ತೀರಾ ದೊಡ್ಡದು ಮಾಡಿದರೆ ಸಣ್ಣ ಲೇತ್ ಅದುರತೊಡಗುತ್ತದೆ.

ಒಬ್ಬರೇ ಕೂತು ಕಲಿಯಲು ಆಗುವುದಿಲ್ಲ ಅನ್ನಿಸಿದರೆ ನಿಮ್ಮ ಓಣಿಯ ಹತ್ತಿರದ ಲೇತ್ ಶಾಪಿಗೆ ಸಂಜೆ ಕೆಲಸ ಇಳಿದ ಹೊತ್ತಿನಲ್ಲಿ ಹೋಗಿ. "ಕಾಕಾ, ಒಂದ್ ಬಿಟ್ ಸಾಣಿ ಹಿಡದ್ ತೋರ್ಸ್ರಿ" ಅಂತ ಕೇಳಿ. ಹಳೆಯ ಟರ್ನರ್‌ಗಳು ಇಂಥದ್ದನ್ನು ಕೇಳಿದವರಿಗೆ ಇಲ್ಲ ಅನ್ನುವುದು ಕಡಿಮೆ. ಅವರ ಕೈ ನೋಡಿ. ಕೋನ ಅಳೆಯುವ ಗೇಜು ಇರುವುದಿಲ್ಲ, ಆದರೆ ಎರಡೂ ಮೊಣಕೈ ಪಕ್ಕೆಗೆ ಒತ್ತಿರುತ್ತವೆ, ಬಿಟ್ ಅಲುಗುವುದಿಲ್ಲ. ಕಲಿಯಬೇಕಾದದ್ದು ಆ ನಿಲುವನ್ನೇ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಹುಬ್ಬಳ್ಳಿಯಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಇದೆ, ಜಿಟಿಟಿಸಿ ಅಂದರೆ ಎಲ್ಲರೂ ತೋರಿಸುತ್ತಾರೆ.

ಸೆಂಟರಿಗೆ ಕೂರಿಸುವುದು

ಒಳ್ಳೆಯ ಟೂಲ್ ಕೂಡ ತಪ್ಪು ಎತ್ತರದಲ್ಲಿ ಕೂತರೆ ಕೊರೆಯುವುದಿಲ್ಲ. ಚಕ್‌ನಲ್ಲಿ ಒಂದು ದುಂಡು ರಾಡ್ ಹಿಡಿಯಿರಿ. ಲೇತ್ ನಿಂತಿರಲಿ. ತೆಳ್ಳನೆಯ ಸ್ಟೀಲ್ ಸ್ಕೇಲನ್ನು ರಾಡಿಗೂ ಟೂಲಿನ ಮೊನೆಗೂ ನಡುವೆ ಇಟ್ಟು, ಕ್ರಾಸ್ ಸ್ಲೈಡ್ (ಟೂಲನ್ನು ರಾಡಿನ ಕಡೆ ಸರಿಸುವ ಹಿಡಿ) ತಿರುಗಿಸಿ ಹಗುರವಾಗಿ ಒತ್ತಿ. ಸ್ಕೇಲ್ ನೆಟ್ಟಗೆ ನಿಂತರೆ ಎತ್ತರ ಸರಿ. ಸ್ಕೇಲಿನ ಮೇಲ್ತುದಿ ನಿಮ್ಮ ಕಡೆ ಬಾಗಿದರೆ ಟೂಲ್ ಕೆಳಗಿದೆ, ಆಚೆಗೆ ಬಾಗಿದರೆ ಮೇಲಿದೆ. ಪ್ಯಾಕಿಂಗ್‌ಗೆ ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡುಗಳು ಬಹಳ ಚೆನ್ನಾಗಿ ಒದಗುತ್ತವೆ. ಹಲ್ಲಿನ ಕಡೆಯನ್ನು ಸಾಣೆ ಹಿಡಿದು ತೆಗೆದುಬಿಡಿ. ಆಮೇಲೆ ಒಂದು ಫೇಸಿಂಗ್ ಕಟ್, ಅಂದರೆ ರಾಡಿನ ತುದಿಯ ಮೈಯನ್ನು ಸಮ ಮಾಡುವ ಕಟ್, ತೆಗೆದು ನೋಡಿ. ನಡುವೆ ಸಣ್ಣ ಮೊಳಕೆಯಂಥದ್ದು ಉಳಿದರೆ ಇನ್ನೂ ಸ್ವಲ್ಪ ಸರಿಪಡಿಸಬೇಕು.

ಟೂಲ್ ಪೋಸ್ಟಿನಿಂದ ಬಿಟ್ ಎಷ್ಟು ಕಡಿಮೆ ಹೊರಗೆ ಚಾಚಿದರೆ ಅಷ್ಟು ಒಳ್ಳೆಯದು.

ಸ್ಪೀಡ್ ಲೆಕ್ಕ

ಸೂತ್ರ ಒಂದೇ. ಕೊರೆಯುವ ವೇಗವನ್ನು ಮೀಟರ್ ಲೆಕ್ಕದಲ್ಲಿ ತೆಗೆದುಕೊಂಡು 318ರಿಂದ ಗುಣಿಸಿ, ಮಿ.ಮೀ. ಲೆಕ್ಕದ ರಾಡಿನ ವ್ಯಾಸದಿಂದ ಭಾಗಿಸಿ. ಬರುವುದೇ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು.

ಎಚ್‌ಎಸ್‌ಎಸ್‌ನಲ್ಲಿ ಮೈಲ್ಡ್ ಸ್ಟೀಲ್‌ಗೆ 25ರಿಂದ 30 ಮೀಟರ್, ಬೀಡಿಗೆ 18-20, ಸ್ಟೇನ್‌ಲೆಸ್‌ಗೆ 15ರ ಆಸುಪಾಸು, ಹಿತ್ತಾಳೆಗೆ 50, ಅಲ್ಯೂಮಿನಿಯಂಗೆ 60ರಿಂದ 100. ಹಾಗಾದರೆ 25 ಮಿ.ಮೀ. ಮೈಲ್ಡ್ ಸ್ಟೀಲ್ ರಾಡಿಗೆ ಸುಮಾರು 320 ಸುತ್ತು, 50 ಮಿ.ಮೀ.ಗೆ 160. ಇನ್ನು ಚಿಪ್ ನೋಡಿ ಹೇಳಬಹುದು. ಎಚ್‌ಎಸ್‌ಎಸ್‌ನಿಂದ ಸ್ಟೀಲ್ ಕೊರೆಯುವಾಗ ಚಿಪ್ ಬೆಳ್ಳಗೋ ಹುಲ್ಲಿನ ಬಣ್ಣವೋ ಇದ್ದರೆ ಸರಿ. ನೀಲಿ ಬಂದರೆ ಸ್ಪೀಡ್ ಇಳಿಸಿ. ಕಾರ್ಬೈಡ್‌ನಲ್ಲಿ ನೀಲಿ ಚಿಪ್ ಬರುವುದು ಮಾಮೂಲು. ಉದ್ದುದ್ದ ಎಳೆಯಾಗಿ ಬರುವ ಚಿಪ್ಪನ್ನು ಕೈಯಿಂದ ಎಳೆಯಬೇಡಿ, ಅದು ಬ್ಲೇಡಿನಷ್ಟೇ ಹರಿತ. ಲೇತ್ ನಿಲ್ಲಿಸಿ, ಕೊಕ್ಕೆಯಿಂದ ತೆಗೆಯಿರಿ.

ಸ್ಟೀಲ್‌ಗೆ ಕಟಿಂಗ್ ಆಯಿಲ್ ಹಚ್ಚಿ. ಬೀಡು, ಹಿತ್ತಾಳೆ ಎರಡಕ್ಕೂ ಏನೂ ಬೇಡ.

ಆ ಬಣ್ಣದ ಡಬ್ಬಿ

ಈಗ ಅಂಗಡಿಯವರು ತೋರಿಸಿದ ಸೆಟ್ಟಿಗೆ ಬರೋಣ. ಸ್ಟೀಲ್ ಶ್ಯಾಂಕಿನ ತುದಿಗೆ ಕಾರ್ಬೈಡ್ ತುಂಡು ಬೆಸೆದ ಟೂಲ್‌ಗಳು ಅವು. ಶಾಪುಗಳಲ್ಲಿ ವಿಡಿಯಾ ಟೂಲ್ ಅನ್ನುತ್ತಾರೆ. ಒಳ್ಳೆಯ ಕಂಪನಿಯದು, ಸರಿಯಾದ ಗ್ರೇಡಿನದು ಆದರೆ ಕೆಟ್ಟ ಟೂಲ್ ಏನಲ್ಲ. ಸ್ಟೀಲ್‌ಗೆ ಪಿ30, ಬೀಡಿಗೆ ಕೆ20 ಅಂತ ಕೇಳಿ ತರಬೇಕು. ತೊಂದರೆ ಇರುವುದು ಸೋವಿ ಸೆಟ್‌ನಲ್ಲಿ. ಬಹಳಷ್ಟು ಟೂಲ್‌ಗಳ ಅಂಚು ಸರಿಯಾಗಿ ಹರಿತವಾಗಿರುವುದಿಲ್ಲ, ಕೊಂಡವರೇ ಸಾಣೆ ಹಿಡಿದುಕೊಳ್ಳಲಿ ಅಂತ ಬಿಟ್ಟಿರುತ್ತಾರೆ. ಆದರೆ ನಿಮ್ಮ ಬೂದು ಚಕ್ರ ಕಾರ್ಬೈಡನ್ನು ಕೊರೆಯುವುದಿಲ್ಲ. ಅದಕ್ಕೆ ಹಸಿರು ಬಣ್ಣದ ಸಿಲಿಕಾನ್ ಕಾರ್ಬೈಡ್ ಚಕ್ರ ಅಥವಾ ಡೈಮಂಡ್ ಚಕ್ರ ಬೇಕು. ಆ ಪುಡಿಯಲ್ಲಿ ಕೋಬಾಲ್ಟ್ ಇರುತ್ತದೆ, ಮೂಗಿಗೆ ಒಳ್ಳೆಯ ಮಾಸ್ಕ್ ಇಲ್ಲದೆ ಮಾಡುವ ಕೆಲಸವಲ್ಲ. ಬಿಸಿಯಾದಾಗ ನೀರಿಗೆ ಅದ್ದುವ ಹಾಗೂ ಇಲ್ಲ, ಕಾರ್ಬೈಡ್ ಬಿರಿಯುತ್ತದೆ.

ಇನ್ನೊಂದು ಮಾತು. ಆ ಸೆಟ್ಟಿನಲ್ಲಿ ನಿಮಗೆ ನಿಜವಾಗಿ ಬೇಕಾಗುವುದು ಎರಡೋ ಮೂರೋ. ಉಳಿದವು ಧೂಳು ತಿನ್ನುತ್ತವೆ.

ಇನ್ಸರ್ಟ್: ಒಂದೇ ಜಾತಿ ಆರಿಸಿಕೊಳ್ಳಿ

ಸಾಣೆ ಕೈಗೆ ಕುದುರಿದ ಮೇಲೆ ಒಂದು ಇನ್ಸರ್ಟ್ ಹೋಲ್ಡರ್ ತರಬಹುದು. ಇನ್ಸರ್ಟ್ ಅಂದರೆ ಹೋಲ್ಡರಿಗೆ ಸ್ಕ್ರೂ ಹಾಕಿ ಕೂರಿಸುವ ಸಣ್ಣ ಕಾರ್ಬೈಡ್ ಬಿಲ್ಲೆ. ಮೊಂಡಾದರೆ ಸ್ಕ್ರೂ ಬಿಚ್ಚಿ, ತಿರುಗಿಸಿ ಹಾಕಿದರಾಯಿತು. ಎತ್ತರ ಮತ್ತೆ ಹೊಂದಿಸುವ ಗೋಜಿಲ್ಲ. ಬೀಡಿಗೂ ಗಟ್ಟಿ ಸ್ಟೀಲ್‌ಗೂ ಇದು ಬಹಳ ಅನುಕೂಲ.

ಅಂಗಡಿಯಲ್ಲಿ ಅಕ್ಷರಗಳ ಸಾಲು ನೋಡಿ ಹೆದರಬೇಡಿ. ಸಿಸಿಎಂಟಿ 060204 ಅಂತ ಇದ್ದರೆ ಓದುವುದು ಹೀಗೆ. ಮೊದಲ ಸಿ ಅಂದರೆ 80 ಡಿಗ್ರಿ ಕೋನದ ವಜ್ರದಾಕಾರ. ಎರಡನೆಯ ಸಿ ಅಂದರೆ ಇನ್ಸರ್ಟಿನಲ್ಲೇ 7 ಡಿಗ್ರಿ ಕ್ಲಿಯರೆನ್ಸ್ ಇದೆ. ಎಂ ಅಳತೆಯ ಕರಾರುವಾಕ್ಕು ಎಷ್ಟು ಅನ್ನುವುದಕ್ಕೆ. ಟಿ ಅಂದರೆ ನಡುವೆ ಸ್ಕ್ರೂ ತೂತು, ಒಂದು ಮೈಗೆ ಚಿಪ್ ಮುರಿಯುವ ಕೊರಕಲು. ಅಂಕಿಗಳಲ್ಲಿ 06 ಅಂಚಿನ ಉದ್ದ, 02 ದಪ್ಪ, 04 ಅಂದರೆ 0.4 ಮಿ.ಮೀ. ನೋಸ್ ರೇಡಿಯಸ್.

ಇದರಲ್ಲಿ ಸಣ್ಣ ಲೇತ್‌ಗೆ ಮುಖ್ಯವಾದದ್ದು ಆ ಎರಡನೆಯ ಅಕ್ಷರ. ಅಲ್ಲಿ ಸಿ ಇದ್ದರೆ ಪಾಸಿಟಿವ್ ಇನ್ಸರ್ಟ್, ಹಗುರವಾಗಿ ಕೊರೆಯುತ್ತದೆ. ಎನ್ ಇದ್ದರೆ, ಅಂದರೆ ಸಿಎನ್‌ಎಂಜಿ, ಡಬ್ಲ್ಯುಎನ್‌ಎಂಜಿ ಥರದ್ದಾದರೆ, ಇನ್ಸರ್ಟಿಗೆ ಕ್ಲಿಯರೆನ್ಸ್ ಸೊನ್ನೆ. ಹೋಲ್ಡರ್ ಅದನ್ನು ಮುಂದಕ್ಕೆ ಬಾಗಿಸಿ ಹಿಡಿಯುತ್ತದೆ. ಅದು ಲೋಹವನ್ನು ದೂಡಿ ಕೊರೆಯುವ ಜಾತಿ. ಅದಕ್ಕೆ ಭಾರದ ಮಷಿನ್, ಜಾಸ್ತಿ ಪವರ್ ಬೇಕು. ನಮ್ಮ ಊರಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಇಂಡಸ್ಟ್ರಿಯಲ್ ಎಸ್ಟೇಟಿನ ಸಿಎನ್‌ಸಿ ಘಟಕಗಳಲ್ಲಿ ಪರಿಚಯದವರಿದ್ದರೆ ಬಳಸಿದ ಸಿಎನ್‌ಎಂಜಿ ಇನ್ಸರ್ಟುಗಳು ಸುಮ್ನೆ ಸಿಗುತ್ತವೆ, ಒಂದೆರಡು ಮೂಲೆ ಚೆನ್ನಾಗಿಯೂ ಇರುತ್ತವೆ. ಪುಕ್ಕಟೆ ಸಿಕ್ಕಿತು ಅಂತ ಅದಕ್ಕೆ ಹೋಲ್ಡರ್ ಕೊಂಡರೆ ನಿಮ್ಮ ಲೇತ್ ಅದುರುತ್ತದೆ, ಬೆಲ್ಟ್ ಜಾರುತ್ತದೆ, ಫಿನಿಶಿಂಗ್ ಬರುವುದಿಲ್ಲ. ಪಾಸಿಟಿವ್ ಇನ್ಸರ್ಟ್ ಸಿಕ್ಕರೆ ಮಾತ್ರ ತನ್ನಿ.

ಹೋಲ್ಡರ್ ಎಸ್‌ಸಿಎಲ್‌ಸಿಆರ್ 1010 ಅಥವಾ 1212, ನಿಮ್ಮ ಸೆಂಟರ್ ಎತ್ತರ ನೋಡಿಕೊಂಡು. ಕೊನೆಯ ಆರ್ ಅಂದರೆ ಬಲಗೈಯದು. ಟರ್ನಿಂಗ್, ಫೇಸಿಂಗ್ ಎರಡನ್ನೂ ಇದೊಂದೇ ಮಾಡುತ್ತದೆ. ಮುಂದೆ ಬೋರಿಂಗ್ ಬಾರ್ (ತೂತಿನ ಒಳಮೈ ಕೊರೆಯುವ ಟೂಲ್) ಕೊಳ್ಳುವಾಗಲೂ ಅದೇ ಸಿಸಿಎಂಟಿ 0602 ಕೂರುವಂಥದ್ದನ್ನೇ ಆರಿಸಿ. ಒಂದೇ ಡಬ್ಬಿ ಇನ್ಸರ್ಟು ಎರಡಕ್ಕೂ ಆಗುತ್ತದೆ.

ಗ್ರೇಡ್ ಆರಿಸಲು ಬಣ್ಣ ನೋಡಿ. ಡಬ್ಬಿಯ ಮೇಲೆ ನೀಲಿ ಇದ್ದರೆ ಸ್ಟೀಲ್‌ಗೆ, ಹಳದಿ ಸ್ಟೇನ್‌ಲೆಸ್‌ಗೆ, ಕೆಂಪು ಬೀಡಿಗೆ, ಹಸಿರು ಅಲ್ಯೂಮಿನಿಯಂ ಥರದವಕ್ಕೆ. ಅಲ್ಯೂಮಿನಿಯಂಗೆ ಸಿಗುವ ಸಿಸಿಜಿಟಿ ಇನ್ಸರ್ಟ್ ಕನ್ನಡಿಯಂತೆ ಹೊಳೆಯುತ್ತದೆ, ಅಂಚು ಸಾಣೆ ಹಿಡಿದು ಹರಿತ ಮಾಡಿದ್ದು. ನನ್ನ ಅಭಿಪ್ರಾಯದಲ್ಲಿ ಇನ್ಸರ್ಟುಗಳಲ್ಲಿ ಸಣ್ಣ ಲೇತ್‌ನವರು ಮೊದಲು ಕೊಳ್ಳಬೇಕಾದದ್ದು ಅದನ್ನೇ. ಕಡಿಮೆ ಸ್ಪೀಡಿನಲ್ಲಿ, ತೆಳ್ಳನೆಯ ಕಟ್ಟಿನಲ್ಲಿ ಅದು ಮೈಲ್ಡ್ ಸ್ಟೀಲನ್ನೂ ಅಂದವಾಗಿ ಕೊರೆಯುತ್ತದೆ. ಸಾದಾ ಸಿಸಿಎಂಟಿಯ ಅಂಚು ಕೊಂಚ ದುಂಡಗಿರುತ್ತದೆ. ನೋಸ್ ರೇಡಿಯಸ್‌ನ ಅರ್ಧಕ್ಕಿಂತ ಕಡಿಮೆ ಕಟ್ ಕೊಟ್ಟರೆ ಅದು ಕೊರೆಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ.

ಸ್ಪೀಡಿನ ವಿಷಯ ಮರೆಯಬೇಡಿ. ಕಾರ್ಬೈಡ್‌ಗೆ ಮೈಲ್ಡ್ ಸ್ಟೀಲ್‌ನಲ್ಲಿ ನಿಮಿಷಕ್ಕೆ 120 ಮೀಟರ್ ಅಂದುಕೊಂಡರೆ, 25 ಮಿ.ಮೀ. ರಾಡಿಗೆ 1,500 ಸುತ್ತು ಬೇಕು. ನಿಮ್ಮ ಲೇತ್‌ನ ಕೊನೆಯ ಸ್ಪೀಡ್ 800 ಆಗಿದ್ದರೆ ಅರ್ಧದಷ್ಟೇ ಸಿಕ್ಕಿತು. ಆಗ ಲೋಹ ಮೊನೆಗೆ ಅಂಟಿಕೊಂಡು, ಕಿತ್ತುಹೋಗುವಾಗ ಕಾರ್ಬೈಡಿನ ಚೂರನ್ನೂ ಕಿತ್ತುಕೊಂಡು ಹೋಗುತ್ತದೆ. ಚೌಕದ ರಾಡ್, ಕೀವೇ (ಉದ್ದಕ್ಕೆ ಕೊರೆದ ಗಾಡಿ) ಇರುವ ಶಾಫ್ಟ್ ಕೊರೆಯುವಾಗ ಟೂಲಿಗೆ ಸುತ್ತಿಗೊಂದು ಏಟು ಬೀಳುತ್ತದೆ. ಅಲ್ಲಿ ಎಚ್‌ಎಸ್‌ಎಸ್ ತಾಳಿಕೊಳ್ಳುವಷ್ಟು ಕಾರ್ಬೈಡ್ ತಾಳುವುದಿಲ್ಲ. ಕಾರ್ಬೈಡ್‌ಗೆ ಕೂಲೆಂಟ್ ಹಾಕುವುದಾದರೆ ಧಾರೆಯಾಗಿ ಹರಿಸಿ, ಇಲ್ಲವೇ ಹಾಕಲೇಬೇಡಿ. ಬ್ರಷ್‌ನಿಂದ ಆಗಾಗ ಚಿಮುಕಿಸಿದರೆ ಬಿರುಕು ಬಿಡುತ್ತದೆ.

ಪಾರ್ಟಿಂಗ್, ಬೋರಿಂಗ್, ಥ್ರೆಡ್

ಪಾರ್ಟಿಂಗ್‌ಗೆ, ಅಂದರೆ ಜಾಬನ್ನು ರಾಡಿನಿಂದ ಕತ್ತರಿಸಿ ಬೇರ್ಪಡಿಸಲು, 2 ಮಿ.ಮೀ. ಎಚ್‌ಎಸ್‌ಎಸ್ ಬ್ಲೇಡ್ ಮತ್ತು ಅದರ ಹೋಲ್ಡರ್ ಸಾಕು. ಅಗಲ ಜಾಸ್ತಿಯಾದಷ್ಟೂ ಸಣ್ಣ ಲೇತ್ ನರಳುತ್ತದೆ. ಬ್ಲೇಡ್ ಜಾಬಿಗೆ ನೆಟ್ಟಗೆ ಲಂಬವಾಗಿರಲಿ, ಚಕ್‌ಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಕತ್ತರಿಸಿ, ಕ್ಯಾರೇಜ್ (ಟೂಲ್ ಪೋಸ್ಟನ್ನು ಹೊತ್ತು ಸರಿಯುವ ಭಾಗ) ಲಾಕ್ ಮಾಡಿ, ಟರ್ನಿಂಗ್ ಸ್ಪೀಡಿನ ಅರ್ಧಕ್ಕೆ ಇಳಿಸಿ, ಆಯಿಲ್ ಧಾರಾಳ ಬಿಡಿ. ಫೀಡ್ ಕೊಡಲು ಹೆದರಿ ನಿಂತುಬಿಟ್ಟರೆ ಬ್ಲೇಡ್ ಉಜ್ಜಿ ಇನ್ನೂ ಹೆಚ್ಚು ಅದುರುತ್ತದೆ. ನಿಧಾನವಾಗಿ ಆದರೆ ಬಿಡದೆ ಒಳಕ್ಕೆ ಕೊಡುತ್ತಿರಿ.

ಬೋರಿಂಗ್ ಬಾರ್ ತೂತಿಗೆ ಹಿಡಿಸುವಷ್ಟು ದಪ್ಪದ್ದು ಇರಲಿ. ಸ್ಟೀಲ್ ಬಾರ್ ತನ್ನ ದಪ್ಪದ ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಗೆ ಚಾಚಬಾರದು. 10 ಮಿ.ಮೀ. ಬಾರ್ ಆದರೆ 40 ಮಿ.ಮೀ. ಅಷ್ಟೇ.

ಥ್ರೆಡ್ ಟೂಲನ್ನು ಎಚ್‌ಎಸ್‌ಎಸ್‌ನಲ್ಲೇ ಸಾಣೆ ಹಿಡಿದುಕೊಳ್ಳಿ, ಅದರ ಕೋನ ನೋಡಲು ಸೆಂಟರ್ ಗೇಜ್ ಒಂದು ತಂದಿಟ್ಟುಕೊಳ್ಳಿ. ಮೆಟ್ರಿಕ್ ಬೋಲ್ಟಿಗೆ 60 ಡಿಗ್ರಿ. ಪಂಪು, ಸ್ಪ್ರಿಂಕ್ಲರ್, ನೀರಿನ ಪೈಪಿನ ಬಿಎಸ್‌ಪಿ ಥ್ರೆಡ್ಡಿಗೆ 55 ಡಿಗ್ರಿ. ಹೊಲದ ಕೆಲಸಕ್ಕೆ ಬರುವ ಜಾಬ್‌ಗಳಲ್ಲಿ ಈ 55ರದ್ದೇ ಜಾಸ್ತಿ, ಹಾಗಾಗಿ ಎರಡಕ್ಕೂ ಬೇರೆ ಬೇರೆ ಬಿಟ್ ಮಾಡಿಟ್ಟು, ಶ್ಯಾಂಕಿನ ಮೇಲೆ ಬಣ್ಣದಿಂದ ಗುರುತು ಹಾಕಿ. ಅದಲುಬದಲಾದರೆ ನೋಡಲು ಗೊತ್ತಾಗುವುದಿಲ್ಲ, ನೀರು ಬಿಟ್ಟಾಗ ಸೋರುತ್ತದೆ.

ಮೊದಲ ಸಲ ಏನೇನು ತರುವುದು

10 ಮಿ.ಮೀ. ಚೌಕದ ಎಂ2 ಬಿಟ್ ಮೂರು. 2 ಮಿ.ಮೀ. ಪಾರ್ಟಿಂಗ್ ಬ್ಲೇಡ್, ಹೋಲ್ಡರ್ ಸಮೇತ. ಒಂದು ಆಯಿಲ್ ಸ್ಟೋನ್, ಒಂದು ಸೆಂಟರ್ ಗೇಜ್, ರಾಡಿನ ತುದಿಯ ನಡುವೆ ಗುಳಿ ಕೊರೆಯಲು ಎರಡು ಸೈಜಿನ ಸೆಂಟರ್ ಡ್ರಿಲ್. ಬೋರಿಂಗ್ ಬಾರ್ ಮತ್ತು ಇನ್ಸರ್ಟ್ ಹೋಲ್ಡರ್ ಬೇಕಾದ ಜಾಬ್ ಬಂದಾಗ ತಂದರಾಯಿತು. ಧಾರವಾಡದ ಮಳೆಗಾಲದಲ್ಲಿ ಬಿಟ್‌ಗಳನ್ನು ಬಿಚ್ಚಿಟ್ಟರೆ ವಾರದಲ್ಲೇ ತುಕ್ಕಿನ ಚುಕ್ಕೆ ಕಾಣುತ್ತದೆ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಡಿ. ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಸುತ್ತಿ, ಅಂಚು ಉಳಿಯುತ್ತದೆ. ಮುರಿದ, ಮೊಂಡಾದ ಕಾರ್ಬೈಡ್ ಇನ್ಸರ್ಟುಗಳನ್ನು ಕಸಕ್ಕೆ ಹಾಕಬೇಡಿ. ಒಂದು ಡಬ್ಬಿಯಲ್ಲಿ ಕೂಡಿಡಿ. ಕಾರ್ಬೈಡ್ ಗುಜರಿಗೆ ಸಾದಾ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಬೆಲೆ ಇದೆ.

ಬೆಂಚ್ ಗ್ರೈಂಡರ್ ಇನ್ನೂ ಇಲ್ಲದಿದ್ದರೆ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ತನ್ನಿ.